ಬಾಸ್ಟನ್ನೋ, ನ್ಯೂಯಾರ್ಕೋ? ಅಮೆರಿಕನ್ನರ ಕಿವಿ ಮತ್ತು ಭೂಪಟ

(ಭಾಷಾ ವಿದ್ಯಾರ್ಥಿಗಳ ಒಂದು ಸಂಜೆ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಆಡಿದ ಹಾಗೇ ಇರಲಿ ಅಂತ ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಮಾತು ಕೇಳಿ ಊರು ಗುರುತಿಸುವುದು, ನಕ್ಷೆ ನೋಡಿ ದೇಶ ಗುರುತಿಸುವುದು, ಇವೆರಡರಲ್ಲಿ ಅಮೆರಿಕನ್ನರು ಹೇಗೆ ಅನ್ನೋದು ಇವತ್ತಿನ ವಿಷಯ. ಮೊದಲಿಗೆ ಒಂದು ವಾಕ್ಯ ಹೇಳುತ್ತೇನೆ, ಕೇಳಿ. 'ಶೀ ಹ್ಯಾಡ್ ಯುವರ್ ಡಾರ್ಕ್ ಸೂಟ್ ಇನ್ ಗ್ರೀಸಿ ವಾಷ್ ವಾಟರ್ ಆಲ್ ಇಯರ್.' ಅರ್ಥ ಹುಡುಕೋಕೆ ಹೋಗಬೇಡಿ. ವರ್ಷವಿಡೀ ಯಾರದ್ದೋ ಸೂಟನ್ನು ಜಿಡ್ಡು ನೀರಿನಲ್ಲಿ ನೆನೆಹಾಕಿದ ಆ ಮಹಾತಾಯಿ ಯಾರು ಅಂತ ಯಾರಿಗೂ ಗೊತ್ತಿಲ್ಲ. 1980ರ ದಶಕದಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮತ್ತು ಎಂಐಟಿ ವಿಶ್ವವಿದ್ಯಾಲಯ ಸೇರಿ, ಕಂಪ್ಯೂಟರಿಗೆ ಮಾತು ಅರ್ಥ ಮಾಡಿಸಲು ಒಂದು ಧ್ವನಿ ಸಂಗ್ರಹ ಮಾಡಿದವು. ಅದಕ್ಕೆ ಟಿಮಿಟ್ ಅಂತ ಹೆಸರು. ಅಮೆರಿಕದ ಬೇರೆ ಬೇರೆ ಕಡೆಯ 630 ಜನ ಅದರಲ್ಲಿ ತಲಾ ಹತ್ತು ವಾಕ್ಯ ಓದಿದ್ದಾರೆ. ಹತ್ತರಲ್ಲಿ ಎರಡು ಮಾತ್ರ ಎಲ್ಲರಿಗೂ ಒಂದೇ. ಆ ಎರಡರಲ್ಲಿ ಒಂದು ಈ ಜಿಡ್ಡು ನೀರಿನ ವಾಕ್ಯ.

ಇದನ್ನು ಕಣ್ಣು ಮುಚ್ಚಿ ಆರಿಸಿದ್ದಲ್ಲ. 'ಡಾರ್ಕ್', 'ಇಯರ್' ಇವೆರಡೂ ಬಾಸ್ಟನ್ ಕಡೆಯ ಹಳಬರ ಬಾಯಲ್ಲಿ ರಕಾರವನ್ನೇ ಬಿಟ್ಟುಬಿಡುತ್ತವೆ. 'ಗ್ರೀಸಿ' ಉತ್ತರದಲ್ಲಿ ಗ್ರೀಸಿ, ದಕ್ಷಿಣಕ್ಕೆ ಇಳಿದರೆ 'ಗ್ರೀಝಿ'. 'ವಾಷ್' ಅನ್ನೋದು ಪೆನ್ಸಿಲ್ವೇನಿಯಾದಿಂದ ಮಿಸೌರಿಯ ತನಕ ಕೆಲವರ ಬಾಯಲ್ಲಿ 'ವಾರ್ಷ್' ಆಗುತ್ತದೆ. ಒಂದು ಸಾಲು ಓದಿಸಿದರೆ ಸಾಕು, ಊರಿನ ಕಡೆಗೆ ಬೆರಳು ತೋರಿಸುವಷ್ಟು ಸುಳಿವು ಸಿಗಬೇಕು.

ಸುಳಿವು ಸಿಗುವುದು ಬಲ್ಲವರಿಗೆ. ಸಾಮಾನ್ಯ ಅಮೆರಿಕನ್ನರಿಗೆ? ಇಂಡಿಯಾನಾ ವಿಶ್ವವಿದ್ಯಾಲಯದ ಸಿಂಥಿಯಾ ಕ್ಲಾಪರ್ ಮತ್ತು ಡೇವಿಡ್ ಪಿಸೋನಿ ಅದನ್ನು ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಇದೇ ಟಿಮಿಟ್ ಧ್ವನಿಗಳನ್ನು ವಿದ್ಯಾರ್ಥಿಗಳಿಗೆ ಕೇಳಿಸಿ, ಆರು ಪ್ರದೇಶಗಳಲ್ಲಿ ಇದು ಯಾವುದು ಹೇಳಿ ಅಂದರು. ಕಣ್ಣು ಮುಚ್ಚಿ ಊಹಿಸಿದರೂ ಆರಕ್ಕೊಂದು, ಅಂದರೆ ನೂರಕ್ಕೆ ಸುಮಾರು 17 ಸರಿ ಬರುತ್ತದೆ. ಇವರಿಗೆ ಸರಿ ಬಂದದ್ದು ನೂರಕ್ಕೆ 30ರ ಆಸುಪಾಸು. ತಮ್ಮದೇ ದೇಶ, ತಮ್ಮದೇ ಭಾಷೆ, ಹುಟ್ಟಿದಾಗಿನಿಂದ ಕೇಳಿದ ಮಾತು!

ಆದರೆ ತಪ್ಪುಗಳನ್ನು ಬಿಡಿಸಿ ನೋಡಿದಾಗ ಒಂದು ಕ್ರಮ ಕಂಡಿತು. ಕೇಳುಗರ ತಲೆಯಲ್ಲಿ ಆರು ಪ್ರದೇಶ ಇರಲೇ ಇಲ್ಲ, ಇದ್ದದ್ದು ಮೂರು. ಬಾಸ್ಟನ್ ಸುತ್ತಿನ ನ್ಯೂ ಇಂಗ್ಲೆಂಡ್, ದಕ್ಷಿಣ, ಮತ್ತು ಉಳಿದ ಉತ್ತರ-ಪಶ್ಚಿಮ ಎಲ್ಲ ಸೇರಿ ಒಂದು. ಬೇರೆ ಬೇರೆ ರಾಜ್ಯಗಳಲ್ಲಿ ಬೆಳೆದವರು, ಒಂದೇ ರಾಜ್ಯದಲ್ಲಿ ಬೇರುಬಿಟ್ಟವರಿಗಿಂತ ಚೆನ್ನಾಗಿ ಗುರುತಿಸಿದರು.

ನಗಬೇಡಿ. ನಾವೂ ಇದರಲ್ಲಿ ಅಷ್ಟೇನೂ ದೊಡ್ಡವರಲ್ಲ. ಧಾರವಾಡದ ಮಾತು, ಮಂಗಳೂರಿನ ಮಾತು, ಮೈಸೂರಿನ ಮಾತು ಅಂದರೆ ಥಟ್ಟನೆ ಹೇಳುತ್ತೀರಿ. ರಾಯಚೂರಿನದ್ದನ್ನೂ ಕಲಬುರಗಿಯದ್ದನ್ನೂ ಬೇರೆ ಮಾಡಿ ಅಂದರೆ ಈ ಹಾಲ್‌ನಲ್ಲಿ ಎಷ್ಟು ಕೈ ಏಳುತ್ತವೆ? ಮೈಸೂರಿನವರಿಗೆ ತುಂಗಭದ್ರೆ ದಾಟಿದರೆ ಎಲ್ಲವೂ 'ಹುಬ್ಬಳ್ಳಿ ಕಡೆಯದು'. ಹತ್ತಿರದ್ದು ನುಣ್ಣಗೆ ಕೇಳುತ್ತದೆ, ದೂರದ್ದು ಒಟ್ಟೊಟ್ಟಾಗಿ ಕೇಳುತ್ತದೆ.

ಅಮೆರಿಕನ್ನರಿಗೆ ಈ ಒಟ್ಟೊಟ್ಟು ಹೇಗಿದೆ ಅಂತ ಅವರ ಕೈಯಲ್ಲೇ ಬರೆಸಿದವರು ಡೆನಿಸ್ ಪ್ರೆಸ್ಟನ್ ಅನ್ನುವ ಭಾಷಾವಿಜ್ಞಾನಿ. ಅಮೆರಿಕದ ಖಾಲಿ ನಕ್ಷೆ ಕೊಟ್ಟು, ಎಲ್ಲೆಲ್ಲಿ ಜನ ಬೇರೆ ಥರ ಮಾತಾಡುತ್ತಾರೋ ಅಲ್ಲಿ ಗೆರೆ ಎಳೆಯಿರಿ ಅಂದರು. ಮಿಶಿಗನ್ ರಾಜ್ಯದವರು ಹೆಚ್ಚುಕಡಿಮೆ ಎಲ್ಲರೂ ಎಳೆದ ಗೆರೆ ದಕ್ಷಿಣದ್ದು. ಉಳಿದ ಜಾಗಗಳಲ್ಲಿ ಒಬ್ಬೊಬ್ಬರದ್ದು ಒಂದೊಂದು ಥರ. ಸರಿಯಾದ ಇಂಗ್ಲಿಷ್ ಎಲ್ಲಿದೆ ಅಂತ ಅಂಕ ಹಾಕಿಸಿದಾಗ ಮಿಶಿಗನ್‌ನವರು ಮೊದಲ ಅಂಕ ಕೊಟ್ಟದ್ದು ಮಿಶಿಗನ್‌ಗೆ. ದಕ್ಷಿಣದವರು ತಮ್ಮ ಮಾತಿಗೆ 'ಸರಿ' ಅಂತ ಅಂಕ ಹಾಕಲಿಲ್ಲ, 'ಹಿತ' ಅಂತ ಹಾಕಿಕೊಂಡರು.

ಪ್ರೆಸ್ಟನ್ ಇನ್ನೊಂದು ಪ್ರಯೋಗ ಮಾಡಿದರು, ನನಗೆ ತುಂಬ ಇಷ್ಟವಾದದ್ದು. ಮಿಶಿಗನ್‌ನ ಸ್ಯಾಗಿನಾದಿಂದ ಅಲಬಾಮಾದ ಡೋಥನ್ ತನಕ, ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ಒಂಬತ್ತು ಊರು. ಒಂದೊಂದು ಊರಿನ ಒಬ್ಬೊಬ್ಬರ ದನಿ. ಅವುಗಳ ಕ್ರಮ ಕಲಸಿ ಕೇಳಿಸಿ, ಯಾವ ದನಿ ಯಾವ ಊರಿನದು ಅಂತ ಕೇಳಿದರು. ಕರಾರುವಾಕ್ಕಾಗಿ ಊರು ಹೇಳಿದವರು ಕಡಿಮೆ. ಆದರೆ ಎಲ್ಲರ ಉತ್ತರಗಳ ಸರಾಸರಿ ತೆಗೆದರೆ ಸಾಲು ಹೆಚ್ಚುಕಡಿಮೆ ಸರಿಯಾಗಿ ಉತ್ತರದಿಂದ ದಕ್ಷಿಣಕ್ಕೆ ನಿಂತಿತ್ತು! ಕಿವಿಗೆ ಏನೋ ಗೊತ್ತಿದೆ ಅಂತ ಆಯಿತಲ್ಲ. ಗೊತ್ತಿರುವುದಕ್ಕೆ ಹೆಸರಿಡಲು ಬರುತ್ತಿಲ್ಲ ಅಷ್ಟೇ.

ಹಾಗಾದರೆ ಅಮೆರಿಕನ್ನರ ಕಿವಿ ಮಂದವೇ? ಇಲ್ಲ ಅಂತಲೇ ನನ್ನ ವಾದ. ಕಿವಿ ತನಗೆ ಬೇಕಾದದ್ದನ್ನು ಮಾತ್ರ ಕಲಿಯುತ್ತದೆ. ಬೇಕಾದ ಕಡೆ ಅದು ಎಷ್ಟು ಚುರುಕು ಅಂತ ನೋಡಿ.

ಜಾನ್ ಬಾ ಅನ್ನುವ ಕಪ್ಪು ಪ್ರೊಫೆಸರ್ ಕ್ಯಾಲಿಫೋರ್ನಿಯಾದ ಪ್ಯಾಲೊ ಆಲ್ಟೊದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದರು. ಫೋನಿನಲ್ಲಿ ಮಾತಾಡಿದಾಗ 'ಬನ್ನಿ, ನೋಡಿ' ಅನ್ನುತ್ತಿದ್ದ ಮನೆ ಮಾಲೀಕರು, ಎದುರಿಗೆ ಬಂದು ನಿಂತರೆ 'ಅಯ್ಯೋ, ಈಗಷ್ಟೇ ಕೊಟ್ಟುಬಿಟ್ಟೆವು' ಅನ್ನೋರು. ಕಾರಣ ಗೊತ್ತಾಯಿತು, ಫೋನಿನಲ್ಲಿ ಅವರ ದನಿ 'ಬಿಳಿ' ಆಗಿತ್ತು. ಅವರಿಗೆ ಮೂರು ಥರ ಮಾತಾಡಲು ಬರುತ್ತಿತ್ತು: ಕಪ್ಪು ಜನರ ಇಂಗ್ಲಿಷ್, ಮೆಕ್ಸಿಕೋ ಮೂಲದವರ ಇಂಗ್ಲಿಷ್, ಮತ್ತು ಟಿವಿ ವಾರ್ತೆಯ ಥರದ ಇಂಗ್ಲಿಷ್. ಒಬ್ಬರೇ ಮೂರೂ ದನಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಮನೆ ಮಾಲೀಕರಿಗೆ ಫೋನ್ ಮಾಡಿದರು. ಬಿಳಿಯರೇ ಹೆಚ್ಚಿದ್ದ ಬಡಾವಣೆಗಳಲ್ಲಿ ಮೊದಲೆರಡು ದನಿಗೆ ಬಾಗಿಲು ತೆರೆದದ್ದು ಬಹಳ ಕಡಿಮೆ. ಆಮೇಲೆ ಬರೀ 'ಹಲೋ' ಅನ್ನುವ ಒಂದು ಪದ ಕೇಳಿಸಿ, ಇದು ಯಾವ ಜನರ ದನಿ ಅಂದರು. ನೂರಕ್ಕೆ 70ಕ್ಕೂ ಹೆಚ್ಚು ಸಲ ಉತ್ತರ ಸರಿ. ಈ ಅಧ್ಯಯನ ಪ್ರಕಟವಾದದ್ದು 1999ರಲ್ಲಿ.

ಇಡೀ ವಾಕ್ಯ ಓದಿಸಿದರೆ ಪ್ರದೇಶ ಗೊತ್ತಾಗುವುದು 30. ಒಂದು 'ಹಲೋ'ಗೆ ಜನಾಂಗ ಗೊತ್ತಾಗುವುದು 70. ಪ್ರಯೋಗಗಳು ಬೇರೆ ಬೇರೆ, ಆಯ್ಕೆಗಳ ಸಂಖ್ಯೆಯೂ ಬೇರೆ, ಹಾಗಾಗಿ ಎರಡು ಅಂಕಿಯನ್ನು ನೇರ ತಕ್ಕಡಿಗೆ ಹಾಕುವಂತಿಲ್ಲ. ಆದರೂ ಒಂದು ಮಾತು ಸ್ಪಷ್ಟ. ಅಮೆರಿಕದಲ್ಲಿ ಮನುಷ್ಯರನ್ನು ಬೇರೆ ಮಾಡಿ ಕೂರಿಸಿದ ಗೆರೆ ಯಾವುದೋ, ಆ ಗೆರೆಯ ಮೇಲೆ ಕಿವಿ ಪಳಗಿದೆ.

ಇನ್ನೊಂದು ಮಜಾ ಇದೆ. ಎಷ್ಟೋ ಸಲ ಕಿವಿ ಕೇಳಿಸಿಕೊಳ್ಳುವುದೇ ಇಲ್ಲ, ತಲೆ ಹೇಳಿದ್ದನ್ನು ಒಪ್ಪಿಕೊಳ್ಳುತ್ತದೆ. ಡೆಟ್ರಾಯಿಟ್ ಊರಿನ ಎದುರು ದಡದಲ್ಲೇ ಕೆನಡಾದ ವಿಂಡ್ಸರ್ ಇದೆ, ನಡುವೆ ಒಂದು ನದಿ ಅಷ್ಟೇ. ನ್ಯಾನ್ಸಿ ನೀಡ್ಝೀಲ್ಸ್ಕಿ ಅನ್ನುವ ಭಾಷಾವಿಜ್ಞಾನಿ ಡೆಟ್ರಾಯಿಟ್ ಜನರಿಗೆ ಡೆಟ್ರಾಯಿಟ್‌ನವರದ್ದೇ ಒಂದು ದನಿ ಕೇಳಿಸಿದರು. ಕೆಲವರಿಗೆ 'ಇದು ಕೆನಡಾದವರು' ಅಂದರು, ಕೆಲವರಿಗೆ 'ಇದು ಮಿಶಿಗನ್‌ನವರು' ಅಂದರು. ಟೇಪು ಒಂದೇ. ಕೆನಡಾ ಅಂತ ಹೇಳಿಸಿಕೊಂಡವರಿಗೆ 'ಹೌಸ್' ಅನ್ನುವ ಪದದಲ್ಲಿ ಕೆನಡಾದ ಸ್ವರ ಕೇಳಿಸಿತು. ಮಿಶಿಗನ್ ಅಂತ ಹೇಳಿಸಿಕೊಂಡವರಿಗೆ ಏನೂ ವಿಶೇಷ ಕೇಳಿಸಲಿಲ್ಲ. ಆ ಸ್ವರ ಇದ್ದದ್ದು ಡೆಟ್ರಾಯಿಟ್‌ನವರ ಬಾಯಲ್ಲೇ, ಅವರವರ ಮನೆಯಲ್ಲೇ!

ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ್ದು ಇನ್ನೂ ಕಟು. ಓಹಾಯೊದಲ್ಲಿ ಬೆಳೆದ ಅಪ್ಪಟ ಅಮೆರಿಕನ್ ಹೆಂಗಸಿನ ಪಾಠವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಒಂದು ಗುಂಪಿಗೆ ಬಿಳಿ ಹೆಂಗಸಿನ ಫೋಟೋ ತೋರಿಸಿದರು, ಇನ್ನೊಂದು ಗುಂಪಿಗೆ ಏಷ್ಯಾ ಮೂಲದ ಮುಖ. ಎರಡನೇ ಗುಂಪಿಗೆ ಅದೇ ದನಿಯಲ್ಲಿ ವಿದೇಶಿ ಆಕ್ಸೆಂಟ್ ಕೇಳಿಸಿತು. ಪಾಠವೂ ಅಷ್ಟು ತಲೆಗೆ ಹೋಗಲಿಲ್ಲ. ಅಮೆರಿಕದಲ್ಲಿ ಪಾಠ ಮಾಡುವ ನಮ್ಮವರು 'ನನ್ನ ಇಂಗ್ಲಿಷ್‌ನಲ್ಲಿ ಏನು ತಪ್ಪಿದೆ' ಅಂತ ಕೇಳುತ್ತಾರಲ್ಲ, ಅವರಿಗೆ ಇದನ್ನು ಹೇಳಿ.

ಈಗ ಬಾಸ್ಟನ್ ಮತ್ತು ನ್ಯೂಯಾರ್ಕ್ ವಿಷಯಕ್ಕೆ ಬರೋಣ. ಈ ವ್ಯತ್ಯಾಸ ಗೊತ್ತಾಗದೇ ಒಬ್ಬ ಮನುಷ್ಯ ಜೈಲಿನಲ್ಲಿ ಕೂತಿದ್ದ.

1984, ಲಾಸ್ ಏಂಜಲೀಸ್. ಪ್ಯಾನ್ ಆಮ್ ವಿಮಾನ ಕಂಪನಿಗೆ ಬಾಂಬ್ ಬೆದರಿಕೆಯ ಫೋನ್‌ಗಳು ಬಂದವು. ದನಿ ಟೇಪಿನಲ್ಲಿ ಸಿಕ್ಕಿತು. ಸರಕು ವಿಭಾಗದಲ್ಲಿ ಒಬ್ಬ ನೌಕರ ಇದ್ದ, ನ್ಯೂಯಾರ್ಕ್ ಕಡೆಯವನು, ಕಂಪನಿಯ ಮೇಲೆ ಸ್ವಲ್ಪ ಅಸಮಾಧಾನ ಇದ್ದವನು. ಟೇಪಿನ ದನಿಯಲ್ಲಿ ಪೂರ್ವ ಕರಾವಳಿಯ ಧಾಟಿ, ಇವನ ಮಾತಿನಲ್ಲೂ ಪೂರ್ವ ಕರಾವಳಿಯ ಧಾಟಿ. ಇವನೇ ಅಂತ ಹಿಡಿದರು. ಕ್ಯಾಲಿಫೋರ್ನಿಯಾದ ಕಿವಿಗೆ ಅಷ್ಟು ಸಾಕಾಗಿತ್ತು.

ಪ್ರತಿವಾದಿ ವಕೀಲರು ಟೇಪನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಲಿಯಂ ಲಬೊವ್ ಅವರಿಗೆ ಕಳಿಸಿದರು. ಅಮೆರಿಕದ ಊರೂರಿನ ಇಂಗ್ಲಿಷ್ ಅಳೆದು ತೂಗಿದ ಮನುಷ್ಯ ಅವರು. ಕೇಳಿದ ಕೂಡಲೇ ಇದು ನ್ಯೂಯಾರ್ಕ್ ಅಲ್ಲವೇ ಅಲ್ಲ, ಬಾಸ್ಟನ್ ಕಡೆಯದು ಅಂತ ಅವರಿಗೆ ಗೊತ್ತಾಯಿತು. ಆದರೆ 'ನನಗೆ ಹಾಗೆ ಕೇಳಿಸಿತು' ಅಂದರೆ ನ್ಯಾಯಾಲಯ ಒಪ್ಪುತ್ತದೆಯೇ? ಅದಕ್ಕೇ ಎರಡು ಪುಟ್ಟ ಪದ ಹಿಡಿದರು: 'ಬಾಂಬ್' ಮತ್ತು 'ಆಫ್'. ನ್ಯೂಯಾರ್ಕಿನವರಲ್ಲಿ ಈ ಎರಡರ ಸ್ವರ ಪಕ್ಕಾ ಬೇರೆ. 'ಆಫ್' ಅನ್ನುವಾಗ ತುಟಿ ದುಂಡಗಾಗಿ ಸ್ವರ 'ಓ' ಕಡೆಗೆ ವಾಲುತ್ತದೆ. ಬಾಸ್ಟನ್‌ನವರಲ್ಲಿ ಎರಡೂ ಒಂದೇ ಸ್ವರ. ಟೇಪಿನಲ್ಲಿ ಎರಡೂ ಒಂದೇ ಆಗಿದ್ದವು. ಆರೋಪಿಯ ಬಾಯಲ್ಲಿ ಬೇರೆ ಬೇರೆ. ನ್ಯೂಯಾರ್ಕಿನವನೊಬ್ಬ ಬಾಸ್ಟನ್ ಧಾಟಿಯನ್ನು ನಕಲು ಮಾಡಿರಬಹುದಲ್ಲ ಅಂದರೆ, ಬೇರೆ ಇರುವ ಸ್ವರಗಳನ್ನು ಎಲ್ಲ ಪದಗಳಲ್ಲೂ ತಪ್ಪದೇ ಒಂದಾಗಿಸಿ ಮಾತಾಡುವುದು ಸುಲಭದ ಮಾತಲ್ಲ. ಲಬೊವ್ ಸ್ವರಗಳನ್ನು ಅಳೆದ ಚಿತ್ರಗಳನ್ನು ನ್ಯಾಯಾಧೀಶರ ಮುಂದೆ ಇಟ್ಟರು. ನೌಕರ ಖುಲಾಸೆಯಾದ. ಅಷ್ಟರಲ್ಲಿ ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ.

ಕ್ಯಾಲಿಫೋರ್ನಿಯಾದವರಿಗೆ ಯಾಕೆ ಗೊತ್ತಾಗಲಿಲ್ಲ ಅನ್ನೋದಕ್ಕೆ ಇತಿಹಾಸದಲ್ಲೇ ಉತ್ತರ ಇದೆ. ಬಾಸ್ಟನ್ 1630ರಲ್ಲಿ ಹುಟ್ಟಿದ ಊರು, ಚಾರ್ಲ್ಸ್‌ಟನ್ 1670, ಫಿಲಡೆಲ್ಫಿಯಾ 1682. ಇಂಗ್ಲೆಂಡಿನ ಬೇರೆ ಬೇರೆ ಮೂಲೆಯಿಂದ ಬಂದವರು ಬೇರೆ ಬೇರೆ ಬಂದರಿನಲ್ಲಿ ಇಳಿದು, ತಲೆಮಾರುಗಟ್ಟಲೆ ತಂತಮ್ಮ ಪಾಡಿಗೆ ಮಾತಾಡಿಕೊಂಡಿದ್ದರು. ಪಶ್ಚಿಮಕ್ಕೆ ಹೊರಟಾಗ ಎಲ್ಲರೂ ಬೆರೆತುಹೋದರು. ಅದಕ್ಕೇ ಅಮೆರಿಕದ ಪೂರ್ವದಲ್ಲಿ ಧಾಟಿಗಳು ಒತ್ತೊತ್ತಾಗಿವೆ, ಪಶ್ಚಿಮದಲ್ಲಿ ಸಾವಿರಾರು ಕಿಲೋಮೀಟರ್ ಹೋದರೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಕಿವಿಗೆ ಬೇರೆ ಮಾಡುವ ಪ್ರಸಂಗವೇ ಬಂದಿರುವುದಿಲ್ಲ.

ಭೂಪಟದ ಕಥೆಯೂ ಬಹುಪಾಲು ಹೀಗೇ. ಇಲ್ಲಿ ಅಂಕಿಗಳು ಜಾಸ್ತಿ ಇವೆ, ಬೇಗ ಬೇಗ ಹೇಳಿ ಮುಗಿಸುತ್ತೇನೆ. 2002ರಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಸಂಸ್ಥೆ ಒಂಬತ್ತು ದೇಶಗಳ 18ರಿಂದ 24 ವಯಸ್ಸಿನವರಿಗೆ 56 ಪ್ರಶ್ನೆ ಕೇಳಿತು. ಸ್ವೀಡನ್‌ನವರ ಸರಾಸರಿ 40. ಅಮೆರಿಕದವರದ್ದು 23. ಅವರಿಗಿಂತ ಕೆಳಗೆ ಇದ್ದದ್ದು ಮೆಕ್ಸಿಕೊ ಮಾತ್ರ, 21. ಅಫ್ಗಾನಿಸ್ತಾನದಲ್ಲಿ ಆಗ ಅಮೆರಿಕದ ಸೈನ್ಯ ಇತ್ತು, ಆದರೂ ನಕ್ಷೆಯಲ್ಲಿ ಆ ದೇಶ ತೋರಿಸಿದವರು ನೂರಕ್ಕೆ 17. ನಗು ಬರುವ ಸಂಗತಿ ಅಂದರೆ ನೂರಕ್ಕೆ 11 ಜನಕ್ಕೆ ಅಮೆರಿಕವೇ ಸಿಗಲಿಲ್ಲ. 2006ರಲ್ಲಿ ಅಮೆರಿಕದ ಯುವಕರನ್ನು ಮತ್ತೆ ಕೇಳಿದರು. ಇರಾಕ್ ಯುದ್ಧ ಶುರುವಾಗಿ ಮೂರು ವರ್ಷ. ನೂರಕ್ಕೆ 63 ಜನಕ್ಕೆ ನಕ್ಷೆಯಲ್ಲಿ ಇರಾಕ್ ಸಿಗಲಿಲ್ಲ. ಏಷ್ಯಾದ ನಕ್ಷೆಯಲ್ಲಿ ನಮ್ಮ ಭಾರತವನ್ನು ತೋರಿಸಲಾಗದವರು 47. ಅರ್ಧ ಜನಕ್ಕೆ ತಮ್ಮದೇ ನ್ಯೂಯಾರ್ಕ್ ರಾಜ್ಯ ಸಿಗಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಜನರ ತಾಯಿನುಡಿ ಇಂಗ್ಲಿಷ್ ಅಂದುಕೊಂಡವರು ನಾಲ್ಕರಲ್ಲಿ ಮೂರು ಪಾಲು.

ಇದು ಬರೀ ನಗುವ ವಿಷಯವಾಗಿದ್ದರೆ ನಾನು ಇವತ್ತು ಇಲ್ಲಿ ನಿಂತು ಹೇಳುತ್ತಿರಲಿಲ್ಲ. 2014ರಲ್ಲಿ ರಷ್ಯಾ ಉಕ್ರೇನಿನ ಕ್ರೈಮಿಯಾವನ್ನು ತೆಗೆದುಕೊಂಡಾಗ ಮೂವರು ರಾಜಕೀಯ ಶಾಸ್ತ್ರಜ್ಞರು 2,066 ಅಮೆರಿಕನ್ನರಿಗೆ ಉಕ್ರೇನ್ ಎಲ್ಲಿದೆ ತೋರಿಸಿ ಅಂದರು. ಆರರಲ್ಲಿ ಒಬ್ಬರಿಗೆ ಸಿಕ್ಕಿತು. ತಪ್ಪಿದವರ ಚುಕ್ಕೆಗಳು ಜಗತ್ತೆಲ್ಲ ಹರಡಿದ್ದವು, ಕೆಲವು ಅಮೆರಿಕದ ಒಳಗೇ ಬಿದ್ದಿದ್ದವು. ತಪ್ಪುಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವಿನದು ಸುಮಾರು 2,900 ಕಿಲೋಮೀಟರ್. ಉಕ್ರೇನಿನ ರಾಜಧಾನಿ ಕೀವ್ ತೋರಿಸಿ ಅಂದರೆ ಸ್ಪೇನಿನ ಮ್ಯಾಡ್ರಿಡ್ ತೋರಿಸಿದ ಹಾಗೆ. ಇಷ್ಟು ಹೇಳಿ ಅವರು ನಿಲ್ಲಿಸಲಿಲ್ಲ. ಚುಕ್ಕೆ ದೂರ ಹೋದಷ್ಟೂ, ಅಮೆರಿಕ ಅಲ್ಲಿಗೆ ಸೈನ್ಯ ಕಳಿಸಬೇಕು ಅನ್ನುವ ಉತ್ಸಾಹ ಹೆಚ್ಚಾಗಿತ್ತು. 2017ರಲ್ಲಿ ಉತ್ತರ ಕೊರಿಯಾ ಬಗ್ಗೆ ಕೇಳಿದಾಗಲೂ ಇದೇ ಧೋರಣೆ ಕಂಡಿತು. ಸರಿಯಾಗಿ ತೋರಿಸಿದ 36 ಶೇಕಡಾ ಜನ ಮಾತುಕತೆಯ ದಾರಿಯ ಕಡೆಗೆ ಹೆಚ್ಚು ವಾಲಿದ್ದರು. ನಕ್ಷೆ ನೋಡಿದರೆ ಜನ ಶಾಂತರಾಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಓದುವ ಹವ್ಯಾಸ ಇರುವವರು ನಕ್ಷೆಯನ್ನೂ ನೋಡಿರುತ್ತಾರೆ, ಯುದ್ಧದ ಬೆಲೆಯನ್ನೂ ಓದಿರುತ್ತಾರೆ. ಅಷ್ಟೇ ಇರಬಹುದು.

ಬಾಸ್ಟನ್ ಮ್ಯಾರಥಾನ್‌ನಲ್ಲಿ 2013ರಲ್ಲಿ ಬಾಂಬ್ ಸಿಡಿಯಿತು. ಮಾಡಿದವರು ಚೆಚೆನ್, ಅಂದರೆ ರಷ್ಯಾದ ಒಳಗಿನ ಚೆಚ್ನ್ಯಾ ಮೂಲದವರು ಅಂತ ಸುದ್ದಿ ಬಂದದ್ದೇ ತಡ, ಎಷ್ಟೋ ಜನ ಜೆಕ್ ದೇಶಕ್ಕೆ ಬೈಯಲು ಶುರುಮಾಡಿದರು. ಜೆಕ್ ರಾಯಭಾರಿ ಹೇಳಿಕೆ ಕೊಟ್ಟು, ಸ್ವಾಮಿ, ಚೆಚ್ನ್ಯಾ ಬೇರೆ, ನಾವು ಬೇರೆ ಅಂತ ತಿಳಿಸಬೇಕಾಯಿತು. ಇದು ನಗುವಲ್ಲಿ ಮುಗಿಯಿತು. 2017ರ ಫೆಬ್ರವರಿಯಲ್ಲಿ ಕಾನ್ಸಸ್‌ನ ಒಲೇಥಾದಲ್ಲಿ ನಗು ಇರಲಿಲ್ಲ. ಬಾರ್‌ನಲ್ಲಿ ಕೂತಿದ್ದ ಇಬ್ಬರು ಭಾರತೀಯ ಎಂಜಿನಿಯರುಗಳ ಮೇಲೆ ಒಬ್ಬ ಗುಂಡು ಹಾರಿಸಿದ. ಒಬ್ಬರು ತೀರಿಕೊಂಡರು. ಓಡಿಹೋದವನು ಆಮೇಲೆ ಇನ್ನೊಂದು ಕಡೆ ಹೇಳಿಕೊಂಡದ್ದು, ನಾನು ಇಬ್ಬರು ಇರಾನಿಗಳನ್ನು ಹೊಡೆದೆ ಅಂತ. ಇರಾನಿಗಳಾಗಿದ್ದರೆ ಸರಿ ಇರುತ್ತಿತ್ತು ಅಂತಲ್ಲ. ದ್ವೇಷಕ್ಕೆ ನಕ್ಷೆ ಬೇಕಾಗುವುದಿಲ್ಲ ಅನ್ನೋದಷ್ಟೇ.

ಶಾಲೆಯನ್ನು ಬೈಯುವವರು ಇದ್ದಾರೆ. ತಪ್ಪಲ್ಲ. ಹಾರ್ವರ್ಡ್ 1948ರಲ್ಲೇ ಭೂಗೋಳ ವಿಭಾಗ ಮುಚ್ಚಿತು. ಶಾಲೆಗಳಲ್ಲಿ ಭೂಗೋಳ 'ಸೋಷಿಯಲ್ ಸ್ಟಡೀಸ್' ಒಳಗೆ ಕರಗಿಹೋಯಿತು. ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಬೇರೆ. ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಸುಮಾರು 4,000 ಕಿಲೋಮೀಟರ್. ಅಷ್ಟು ದೂರ ಹೋದರೂ ಅದೇ ಡಾಲರ್, ಅದೇ ಬೋರ್ಡು, ಅದೇ ಕಾಫಿ. ಜಗತ್ತಿನ ಉಳಿದವರೇ ಇವರ ಭಾಷೆ ಕಲಿತು ಇವರ ಬಾಗಿಲಿಗೆ ಬರುತ್ತಾರೆ. ನಕ್ಷೆ ಕಲಿಯುವ ಗರಜು ಯಾರಿಗೆ ಇರುತ್ತದೆ ಹೇಳಿ?

ಗರಜು ಇದ್ದವರು ಇದೇ ಬೆಂಗಳೂರಿನಲ್ಲಿ ಇದ್ದರು. 2000ದ ಆಸುಪಾಸಿನ ಕಾಲ್ ಸೆಂಟರ್‌ಗಳನ್ನು ನೆನಪು ಮಾಡಿಕೊಳ್ಳಿ. ಈ ಹಾಲ್‌ನಲ್ಲೂ ರಾತ್ರಿ ಪಾಳಿ ಮಾಡಿದವರು ಇರಬಹುದು. ನಮ್ಮ ಹುಡುಗ ಹುಡುಗಿಯರು 50 ರಾಜ್ಯ, ಅವುಗಳ ರಾಜಧಾನಿ, ಯಾವ ರಾಜ್ಯ ಯಾವ ಟೈಮ್ ಝೋನ್ ಅಂತ ಉರು ಹೊಡೆದರು. ಬೇಸ್‌ಬಾಲ್ ತಂಡಗಳ ಹೆಸರು ಕಲಿತರು. ಕನ್ನಡದಲ್ಲಿ ನಮಗೆ ಇರೋದು ಒಂದೇ ವಕಾರ. 'ವಿ'ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, 'ಡಬ್ಲ್ಯೂ'ಗೆ ತುಟಿ ದುಂಡಗಾಗಬೇಕು ಅಂತ ಕನ್ನಡಿ ಹಿಡಿದು ಕಲಿತರು. ಫೋನಿಗೆ ಒಂದು ಅಮೆರಿಕನ್ ಹೆಸರನ್ನೂ ಇಟ್ಟುಕೊಂಡರು. ಇಷ್ಟಾದರೂ ಆ ಕಡೆಯವರಿಗೆ ಕೇಳಿಸಿದ್ದು 'ಇಂಡಿಯನ್ ಆಕ್ಸೆಂಟ್', ಒಂದೇ. ಕನ್ನಡಿಗರ ಇಂಗ್ಲಿಷ್, ಪಂಜಾಬಿಗಳ ಇಂಗ್ಲಿಷ್, ಬಂಗಾಳಿಗಳ ಇಂಗ್ಲಿಷ್ ಎಲ್ಲ ಒಂದೇ ಚೀಲಕ್ಕೆ. ಒಂದು ಕಡೆಯವರು ಮಾಂಟಾನಾ ಯಾವ ಟೈಮ್ ಝೋನ್ ಅಂತ ನಿದ್ದೆಯಲ್ಲೂ ಹೇಳಬಲ್ಲರು, ಇನ್ನೊಂದು ಕಡೆಯವರಲ್ಲಿ ಅರ್ಧ ಜನಕ್ಕೆ ಇಡೀ ಭಾರತ ಸಿಗುವುದಿಲ್ಲ. ಸಂಬಳ ಯಾರು ಕೊಡುತ್ತಾರೋ ಅವರ ಊರಿನ ಭೂಗೋಳ ಕಲಿಯಲೇಬೇಕು.

ಅಮೆರಿಕಕ್ಕೆ ಹೋದ ನಮ್ಮವರ ಮಕ್ಕಳೂ ಇದನ್ನು ಬಿಡಲಿಲ್ಲ. ನ್ಯಾಷನಲ್ ಜಿಯೊಗ್ರಾಫಿಕ್‌ನವರು 1989ರಿಂದ ಶಾಲಾ ಮಕ್ಕಳಿಗೆ ಭೂಗೋಳ ಸ್ಪರ್ಧೆ ನಡೆಸುತ್ತಿದ್ದರು. 2012ರಿಂದ 2019ರ ತನಕ ಪ್ರತಿ ವರ್ಷ ಗೆದ್ದದ್ದು ಭಾರತೀಯ ಮೂಲದ ಮಕ್ಕಳು. ಆಮೇಲೆ ಕೋವಿಡ್ ಬಂತು, 2021ರಲ್ಲಿ ಸ್ಪರ್ಧೆಯನ್ನೇ ಕೈಬಿಟ್ಟರು.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ಚೆನ್ನಾಗಿತ್ತು. 'ಸರ್, ನನ್ನ ಮಗಳು ಓದೋಕೆ ಅಲ್ಲಿಗೆ ಹೋಗ್ತಿದ್ದಾಳೆ. ಯಾರು ಎಲ್ಲಿಯವರು ಅಂತ ಹೇಗೆ ಗುರುತು ಹಿಡಿಯೋದು?' ಅಂದರು. ನಾನು ಕೊಟ್ಟ ಉತ್ತರ ಇದು. ಮೊದಲು ರಕಾರ ಕೇಳಿ. 'ಕಾರ್', 'ಪಾರ್ಕ್' ಅನ್ನುವಾಗ ರಕಾರ ಬಿದ್ದುಹೋದರೆ ಬಾಸ್ಟನ್ ಅಥವಾ ನ್ಯೂಯಾರ್ಕ್ ಕಡೆಯ ಹಳಬರು ಇರಬಹುದು. ಆಮೇಲೆ 'ಕಾಫಿ' ಅನ್ನಿಸಿ. 'ಕ್ವೊಫಿ' ಅಂತ ತುಟಿ ದುಂಡಗಾದರೆ ನ್ಯೂಯಾರ್ಕ್. ಮೂರನೆಯದು, ಮಂಚ ಅನ್ನುವ ಅರ್ಥದ 'ಕಾಟ್', ಹಿಡಿದರು ಅನ್ನುವ ಅರ್ಥದ 'ಕಾಟ್', ಇವೆರಡನ್ನೂ ಹೇಳಿಸಿ. ಎರಡೂ ಒಂದೇ ಥರ ಕೇಳಿಸಿ, ರಕಾರವೂ ಗಟ್ಟಿಯಾಗಿದ್ದರೆ ಪಶ್ಚಿಮದವರು ಇರಬಹುದು ಅಂತ ಊಹಿಸಿ. ಇದರಲ್ಲಿ ಒಂದು ತೊಡಕಿದೆ. ಈಗ ಹೇಳಿದೆನಲ್ಲ, ಕನ್ನಡದಲ್ಲಿ ನಾವು ಎರಡನ್ನೂ ಒಂದೇ ಥರ ಬರೆಯುತ್ತೇವೆ, ಒಂದೇ ಥರ ಹೇಳುತ್ತೇವೆ. ಅದಕ್ಕೇ ಮಗಳಿಗೆ ಹೇಳಿ, ಮೊದಲ ಒಂದಷ್ಟು ತಿಂಗಳು ಕಾಟ್ ಗೊಡವೆ ಬೇಡ, ಕಾಫಿಯಿಂದಲೇ ಶುರು ಮಾಡಲಿ.